ನೋಡಲಿಕ್ಕೆ ಬಂದವರು, ಲೆಕ್ಕ ಕೊಡಬೇಕಾದವರು

(ಮಟಕಿಯಲ್ಲಿ ಸುತ್ತಲಿನ ಹಳ್ಳಿಗಳ ರೈತರು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ. ಆದಷ್ಟು ಮಾತಾಡಿದಂತೆಯೇ ಬರೆದುಕೊಟ್ಟಿದ್ದೇನೆ.)



ನನಗೆ ಕೊಟ್ಟ ವಿಷಯ ತೊಗರಿ ಬೆಲೆ ಮತ್ತು ನಮ್ಮ ಸಾಲ. ಅದಕ್ಕೇ ಬರ್ತೀನಿ. ಆದರೆ ಮೊದಲು ಶ್ರೀಲಂಕಾದ ಮಾತು ತೆಗೀತೀನಿ. ಹಿಂದ ಕುಂತ ಮುತ್ಯಾ ಒಬ್ಬರು ಈಗಲೇ ನಗಲಿಕ್ಕೆ ಹತ್ಯಾರ, "ಇವಗ ಆಳಂದದ ಸುದ್ದಿ ಸಾಲದಾಯ್ತು, ಲಂಕಾಕ್ಕ ಹಾರಿದ" ಅಂತ. ಇರಲಿ ಮುತ್ಯಾ. ಹನುಮಪ್ಪ ಹಾರಿ ಹೋಗಿ ಬೆಂಕಿ ಹಚ್ಚಿ ಬಂದ ಊರು ಅದು. ನಾನು ಬರೀ ಲೆಕ್ಕ ನೋಡಿಕೊಂಡು ಬರ್ತೀನಿ.

ಯಾಕೆ ಈ ಮಾತು ಅಂದರೆ, ನಮ್ಮ ಓಣಿಯ ಒಬ್ಬ ಹುಡುಗ, ಡಿಗ್ರಿ ಓದಿದವ, ಫೋನಿನಲ್ಲಿ ಒಂದು ಚಿತ್ರ ತೋರಿಸಿದ. 2022ರ ಜುಲೈ 9ರಂದು ಕೊಲಂಬೊದಲ್ಲಿ ಜನ ಅಧ್ಯಕ್ಷರ ಅರಮನೆಗೆ ನುಗ್ಗಿ ಅವರ ಈಜುಕೊಳದಲ್ಲಿ ಜಿಗೀತಾ ಇದ್ದ ಚಿತ್ರ. "ಕಾಕಾ, ಅಲ್ಲಿಯವರು ಇಷ್ಟು ಮಾಡಿದ್ರು. ನಾವು ತಹಸೀಲ ಆಫೀಸಿನ ಮುಂದ ಧರಣಿ ಕುಂತು, ಮನವಿ ಪತ್ರ ಕೊಟ್ಟು, ಚಾ ಕುಡಿದು ಮನಿಗೆ ಬರ್ತೀವಿ. ನಮಗ ಸಿಟ್ಟೇ ಬರಂಗಿಲ್ಲೇನು?" ಅಂತ ಕೇಳಿದ. ಆ ಹೊತ್ತಿಗೆ ನನಗೆ ಉತ್ತರ ಹೊಳೀಲಿಲ್ಲ. ಹತ್ತನೇತ್ತ ಓದಿದವ ನಾನು, ಡಿಗ್ರಿ ಹುಡುಗನಿಗೆ ಗಡಿಬಿಡಿಯಲ್ಲಿ ಉತ್ತರ ಕೊಟ್ಟರೆ ತಪ್ಪಾದೀತು ಅಂತ ಸುಮ್ಮನಾದೆ. ಇವತ್ತು ಅವನೂ ಇಲ್ಲೇ ಕುಂತಾನ. ಈ ಭಾಷಣ ಅವನಿಗೆ ನಾನು ಕೊಡಬೇಕಾದ ಬಾಕಿ.

ಲಂಕಾ ಸಣ್ಣ ದೇಶ, ಎರಡು ಕೋಟಿ ಚಿಲ್ಲರೆ ಜನ. ಅದಕ್ಕೆ ಹೊರಗಿನ ಹಣ ಬರೋ ದಾರಿ ನಾಲ್ಕೈದು: ಚಹಾ, ಹೊಲಿದ ಬಟ್ಟೆ, ಅರಬ್ ದೇಶಗಳಿಗೆ ದುಡಿಯಲಿಕ್ಕೆ ಹೋದವರು ಕಳಿಸೋ ಹಣ, ಮತ್ತೆ ಸಮುದ್ರದಂಡೆ ನೋಡಲಿಕ್ಕೆ ಬರೋ ಪ್ರವಾಸಿಗರು. 2018ರಲ್ಲಿ 23 ಲಕ್ಷ ಪ್ರವಾಸಿಗರು ಬಂದಿದ್ದರು, 400 ಕೋಟಿ ಡಾಲರಿಗೂ ಮಿಕ್ಕಿ ಹಣ ಬಂದಿತ್ತು. ಪ್ರವಾಸಿಗರ ಮೇಲೆ ನಿಂತ ಬದುಕು ಹೆಂಗಿರತದ ಅಂತ ನಮಗೆ ಗೊತ್ತಿಲ್ಲದ್ದಲ್ಲ. ನಮ್ಮ ಅಮರ್ಜಾ ಹರಿದು ಹೋಗಿ ಭೀಮಾ ಕೂಡೋ ಗಾಣಗಾಪುರ ನೋಡ್ರಿ. ಹುಣ್ಣಿಮೆ ಬಂತಂದ್ರ ಮಹಾರಾಷ್ಟ್ರದ ಗಾಡಿಗಳು ಸಾಲು ಹಚ್ಚತಾವ. ಹೂವು ಮಾರೋವಳು, ಖಾನಾವಳಿಯವನು, ಆಟೋ ಹೊಡೆಯೋ ಹುಡುಗ, ಎಲ್ಲರ ಒಲಿ ಉರಿಯೋದು ಅದರ ಮೇಲೆ. 2020ರಲ್ಲಿ ಕೊರೊನಾ ಬಂದು ಗುಡಿ ಬಾಗಿಲು ಹಾಕಿದಾಗ ಅವರ ಪಾಡು ಏನಾಯ್ತು ಅನ್ನೋದನ್ನು ನಾವು ಕಂಡೀವಿ. ಆ ಗಾಣಗಾಪುರವನ್ನೇ ಒಂದು ದೇಶದಷ್ಟು ದೊಡ್ಡದು ಮಾಡಿ ನೋಡ್ರಿ, ಅದು ಲಂಕಾ.

2019ರ ಏಪ್ರಿಲ್‌ನಲ್ಲಿ ಈಸ್ಟರ್ ದಿನ ಚರ್ಚು, ಹೋಟೆಲುಗಳಲ್ಲಿ ಬಾಂಬು ಸಿಡಿದವು, ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಪ್ರವಾಸಿಗರು ಹಿಂದೆ ಸರಿದರು. ಆಮೇಲೆ ಕೊರೊನಾ. 2021ರಲ್ಲಿ ಬಂದವರು 2 ಲಕ್ಷಕ್ಕೂ ಕಡಿಮೆ. ಇದು ದೈವದ ಹೊಡೆತ ಅನ್ನೋಣ. ಆದರೆ ದೈವ ಹೊಡೆಯೋಕಿಂತ ಮೊದಲೇ ಮನೆ ಯಜಮಾನರು ಮನೆ ಖಾಲಿ ಮಾಡಿ ಇಟ್ಟಿದ್ದರು. ಕಡಿಮೆ ಬಡ್ಡಿಯ ಸಾಲ ಸಾಲದಾದಾಗ ಹೊರದೇಶದ ಪೇಟೆಯಲ್ಲಿ ಬಾಂಡು ಮಾರಿ ದುಬಾರಿ ಬಡ್ಡಿಯ ಸಾಲ ತಂದರು. ನಾವು ಸೊಸೈಟಿ ಬಿಟ್ಟು ಸಾಹುಕಾರನ ಕಟ್ಟೆ ಹತ್ತಿದಂಗ. ಆ ಕಾಲದಲ್ಲೇ ಮತ್ತಳ ಅನ್ನೋ ಕಡೆ 2013ರಲ್ಲಿ ವಿಮಾನ ನಿಲ್ದಾಣ ತೆರೆದರು, ವಿಮಾನ ಬರಲಿಲ್ಲ. ಹಂಬನ್‌ತೋಟದಲ್ಲಿ ಬಂದರು ಕಟ್ಟಿದರು. 2017ರಲ್ಲಿ ಅದನ್ನು ಚೀನಾದ ಕಂಪನಿಗೆ 99 ವರ್ಷ ಗುತ್ತಿಗೆ ಕೊಟ್ಟರು. 2019ರ ಕೊನೆಗೆ ಹೊಸ ಅಧ್ಯಕ್ಷರು ಬಂದವರೇ ವ್ಯಾಟ್ ತೆರಿಗೆಯನ್ನು ನೂರಕ್ಕೆ 15ರಿಂದ 8ಕ್ಕೆ ಇಳಿಸಿದರು. ಕೇಳಲಿಕ್ಕೆ ಹಬ್ಬ. ಬೊಕ್ಕಸಕ್ಕೆ ತೂತು.

ಇನ್ನು ರೈತರ ಪಾಲು ಕೇಳ್ರಿ. 2021ರ ಏಪ್ರಿಲ್‌ ಕೊನೆಯಲ್ಲಿ ಒಂದು ದಿನ ರಾಸಾಯನಿಕ ಗೊಬ್ಬರ ತರಿಸೋದೇ ಬಂದ್ ಅಂತ ಹೇಳಿಬಿಟ್ಟರು. ಇಡೀ ದೇಶ ಸಾವಯವ ಅಂತೆ. ನಾನು ಶೆಗಣಿ ಗೊಬ್ಬರದ ವಿರೋಧಿ ಅಲ್ಲ. ನಮ್ಮ ತಿಪ್ಪಿ ಈಗಲೂ ಅದ. ಆದರೆ ಬಿತ್ತೋ ಹೊತ್ತಿಗೆ ರೈತನನ್ನು ಒಂದು ಮಾತು ಕೇಳದೆ ಹೊಲದ ಪದ್ಧತಿಯನ್ನೇ ಬದಲಿಸೋ ಅಧಿಕಾರ ಯಾರು ಕೊಟ್ಟರು? ಖರೇ ಕಾರಣ ಬೇರೆಯೂ ಇತ್ತು: ಗೊಬ್ಬರ ಕೊಳ್ಳಲಿಕ್ಕೆ ಡಾಲರ್ ಉಳಿದಿರಲಿಲ್ಲ. ಇಲ್ಲದ ಹಣವನ್ನು ಸಾವಯವ ಅನ್ನೋ ಹೆಸರಿನಲ್ಲಿ ಮುಚ್ಚಿದರು. ನವೆಂಬರ್ ಹೊತ್ತಿಗೆ ತಪ್ಪು ಗೊತ್ತಾಗಿ ಹಿಂದೆ ತಗೊಂಡರು. ಅಷ್ಟರಲ್ಲಿ ಭತ್ತದ ಇಳುವರಿ ಬಿದ್ದಿತ್ತು, ಚಹಾ ಬಿದ್ದಿತ್ತು, ತನ್ನ ಅಕ್ಕಿ ತಾನೇ ಬೆಳೆಯೋ ದೇಶ ಹೊರಗಿಂದ ಅಕ್ಕಿ ತರಿಸಿತು. 2022ರ ಏಪ್ರಿಲ್ 12ರಂದು ಹೊರದೇಶದ ಸಾಲ ತೀರಿಸಲಿಕ್ಕೆ ಆಗೋದಿಲ್ಲ ಅಂತ ಸರ್ಕಾರ ಕೈ ಎತ್ತಿತು. ಆ ಸಾಲ 5,100 ಕೋಟಿ ಡಾಲರ್. ಪೆಟ್ರೋಲಿಗೆ, ಗ್ಯಾಸಿಗೆ ದಿನಗಟ್ಟಲೆ ಸಾಲು. ಜನ ಕೊಲಂಬೊದ ಕಡಲದಂಡೆಯಲ್ಲಿ ತಿಂಗಳಾನುಗಟ್ಟಲೆ ಡೇರೆ ಹಾಕಿ ಕುಂತರು. ಮೇ ತಿಂಗಳಲ್ಲಿ ಪ್ರಧಾನಿ ಹೋದರು, ಜುಲೈ 13ರಂದು ಅವರ ತಮ್ಮ, ಅಧ್ಯಕ್ಷ ಗೋಟಬಯ ರಾಜಪಕ್ಸ, ರಾತ್ರೋರಾತ್ರಿ ದೇಶ ಬಿಟ್ಟು ಹೋದರು.

ಹುಡುಗ ತೋರಿಸಿದ ಚಿತ್ರ ಇಲ್ಲಿಗೆ ಮುಗೀತದ. ಕತಿ ಮುಗಿಯಂಗಿಲ್ಲ.

ಜುಲೈ 20ಕ್ಕೆ ಹೊಸ ಅಧ್ಯಕ್ಷರನ್ನು ಆರಿಸಿದವರು ಯಾರು? ಅದೇ ಹಳೇ ಸಂಸತ್ತಿನ ಅದೇ ಸದಸ್ಯರು. ಎರಡು ದಿನ ಬಿಟ್ಟು ಸೈನ್ಯ, ಪೊಲೀಸರು ಬಂದು ಡೇರೆ ಕಿತ್ತರು. 2023ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ 290 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತು, ಷರತ್ತಿನ ಮೇಲೆ. ವಿದ್ಯುತ್ ದರ ಏರಿತು. ಹಿಂದೆ 8ಕ್ಕೆ ಇಳಿಸಿದ್ದ ಆ ತೆರಿಗೆ 2024ರ ಜನವರಿಯಿಂದ 18 ಆಯಿತು. ತೆರಿಗೆ ಇಳಿಸಿದಾಗ ಹೆಚ್ಚು ಉಂಡವರು ದೊಡ್ಡವರು. ಏರಿಸಿದಾಗ ಉಪ್ಪು, ಸಾಬೂನು ಕೊಳ್ಳೋ ಕೂಲಿಯವನೂ ಕೊಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಜನ ಓಟಿನಿಂದ ಹಳೇ ಮನೆತನಗಳನ್ನು ಬಿಟ್ಟು ಬೇರೆಯವರನ್ನು ಆರಿಸಿದರು, ಅದು ದೊಡ್ಡದೇ. ಆದರೆ ಸಾಲ? ಅದು ಈಜುಕೊಳದಲ್ಲಿ ಜಿಗಿದವರ ಮೊಮ್ಮಕ್ಕಳ ತಲೆ ಮೇಲೂ ಅದ.

ಈ ಗದ್ದಲದ ನಡುವೆ ಇನ್ನೊಂದು ಕೆಲಸ ನಡೆದಿತ್ತು, ಅದರ ಚಿತ್ರ ಯಾರ ಫೋನಿನಲ್ಲೂ ಇಲ್ಲ. ಕೆಲವರು ಕಾಗದ ಹೊಂದಿಸಿಕೊಂಡು ಅವರ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಯಾವ ದಿನ ಯಾವ ತೀರ್ಮಾನ ಯಾರು ಮಾಡಿದರು, ಅದರಿಂದ ಬೊಕ್ಕಸಕ್ಕೆ ಏನಾಯ್ತು ಅಂತ. 2023ರ ನವೆಂಬರ್‌ನಲ್ಲಿ ಕೋರ್ಟು ತೀರ್ಪು ಕೊಟ್ಟಿತು: ರಾಜಪಕ್ಸ ಸಹೋದರರು ಮತ್ತು ಆಗಿನ ದೊಡ್ಡ ಅಧಿಕಾರಿಗಳು ಜನ ಇಟ್ಟ ನಂಬಿಕೆ ಮುರಿದರು, ಈ ಗತಿಗೆ ಅವರು ಹೊಣೆ, ಅಂತ ಹೆಸರು ಹಿಡಿದು ಹೇಳಿತು. ಅರ್ಜಿದಾರರಿಗೆ ಕೋರ್ಟಿನ ಖರ್ಚು ಬಿಟ್ಟರೆ ಬೇರೆ ಪರಿಹಾರ ಸಿಗಲಿಲ್ಲ, ಖರೇ. ಆದರೆ ಹೊಣೆ ಯಾರದು ಅನ್ನೋದು ಕಾಗದದ ಮೇಲೆ ಕುಂತಿತು. ಇನ್ನು ಯಾವ ಪುಢಾರಿಯೂ "ಎಲ್ಲಾ ಕೊರೊನಾದಿಂದ ಆದದ್ದು" ಅಂತ ಹೇಳಿ ಜಾರಿಕೊಳ್ಳಲಿಕ್ಕೆ ಬರೋದಿಲ್ಲ.

ಈಗ ನಮ್ಮ ಊರಿಗೆ ಬರೋಣ. ನಮ್ಮಲ್ಲಿಯೂ ಪ್ರವಾಸೋದ್ಯಮ ಅದ, ಯಾರೂ ಗುರುತಿಸಿಲ್ಲ ಅಷ್ಟೆ. ಬರ ಬಿತ್ತು ಅಂದ್ರ ಕೇಂದ್ರದ ಅಧ್ಯಯನ ತಂಡ ಬರತದ. ಒಣಗಿದ ತೊಗರಿ ಗಿಡ ಕಿತ್ತು ಕೈಯಲ್ಲಿ ಹಿಡಿದು ಫೋಟೊ ತಗೋತಾರ. ಹೊಳಿ ಬಂತು ಅಂದ್ರ ಮಂತ್ರಿಗಳು ಮೇಲಿಂದ ಹೆಲಿಕಾಪ್ಟರಿನಲ್ಲಿ ನೋಡ್ತಾರ. ಖಡಕ್ ರೊಟ್ಟಿ, ಹಿಂಡಿಪಲ್ಲೆ ಉಂಡು "ಭಾಳ ಛಲೋ ಅದ" ಅಂತ ಹೇಳಿ ಹೋಗ್ತಾರ. ಲಂಕಾದವರಿಗೆ ಪ್ರವಾಸಿಗರು ಬರದೇ ಇದ್ದಾಗ ಕಷ್ಟ. ನಮಗೆ ಬಂದು ಹೋದ ಮೇಲೆ ಕಷ್ಟ. ಅವರ ಪ್ರವಾಸಿಗ ರೊಟ್ಟಿಗಾದರೂ ರೊಕ್ಕ ಕೊಡ್ತಾನ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯ ಸರ್ಕಾರ 223 ತಾಲ್ಲೂಕು ಬರಪೀಡಿತ ಅಂತ ಸಾರಿತು. ಅಕ್ಟೋಬರ್‌ನಲ್ಲಿ ಕೇಂದ್ರದ ತಂಡ ಬಂದು ನೋಡಿ ಹೋಯಿತು. ರಾಜ್ಯ ಕೇಳಿದ್ದು 18 ಸಾವಿರ ಕೋಟಿಗೂ ಮೇಲೆ. ತಿಂಗಳುಗಳು ಹೋದವು. ಕೇಂದ್ರದವರು ರಾಜ್ಯದ ಕಡೆ ಬೆರಳು ಮಾಡಿದರು, ರಾಜ್ಯದವರು ಕೇಂದ್ರದ ಕಡೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಏಪ್ರಿಲ್ ಕೊನೆಗೆ ಕೇಂದ್ರ 3,454 ಕೋಟಿ ಬಿಡುಗಡೆ ಮಾಡಿತು. ಬಿತ್ತಿದ್ದು ಜೂನಿನಲ್ಲಿ, ಒಣಗಿದ್ದು ಆಗಸ್ಟಿನಲ್ಲಿ, ಹಣ ಹೊರಟದ್ದು ಮರು ವರ್ಷ ಬೇಸಿಗೆಯಲ್ಲಿ. ಆ ಎಂಟು ತಿಂಗಳು ಸಾಹುಕಾರನ ಬಡ್ಡಿ ನಿಂತಿತ್ತೇನು? ನಿಂತಿರಲಿಲ್ಲ. ಆ ಬಡ್ಡಿಯ ಲೆಕ್ಕ ಯಾವ ಸರ್ಕಾರದ ಕಡತದಲ್ಲೂ ಬರೋದಿಲ್ಲ. ಅದು ನಮ್ಮ ಹೆಂಗಸರ ಕಿವಿಯ ಬೆಂಡೋಲೆಯಲ್ಲಿ ಬರತದ.

2025ರ ಸೆಪ್ಟೆಂಬರಿನಲ್ಲಿ ತಿರುವು ಮುರುವು. ಮಳೆ ಬಿಡಲಿಲ್ಲ, ಮೇಲಿಂದ ಉಜನಿ ನೀರು ಬಂತು, ಭೀಮಾ ದಂಡೆಯ ಅಫಜಲಪುರ, ಜೇವರ್ಗಿ ಹಳ್ಳಿಗಳು ಮುಳುಗಿದವು. ನಮ್ಮ ಕಡೆ ನದಿ ಬರಲಿಲ್ಲ, ಆದರೆ ಕರಿ ಮಣ್ಣು ನೀರು ಕುಡಿದು ತೊಗರಿ ಬೇರು ಕೊಳೆಯಿತು. ಮುಖ್ಯಮಂತ್ರಿಗಳು ವೈಮಾನಿಕ ಸಮೀಕ್ಷೆ ಮಾಡಿ ಕಲಬುರಗಿಯಲ್ಲಿ ಹೇಳಿದರು: ವಿಪತ್ತು ನಿಧಿಯ ದರದ ಮೇಲೆ ಹೆಕ್ಟೇರಿಗೆ 8,500 ರೂಪಾಯಿ ರಾಜ್ಯದಿಂದ ಹೆಚ್ಚಿಗೆ, ಒಣಬೇಸಾಯಕ್ಕೆ ಒಟ್ಟು 17,000. ಒಪ್ಪೋಣ, ಇದು ಹಿಂದಿನದಕ್ಕಿಂತ ಮೇಲು. ಆದರೆ ಕೇಳಬೇಕಾದ್ದು ಬೇರೆ. ನಿಮ್ಮ ಸರ್ವೆ ನಂಬರಿಗೆ ಎಷ್ಟು ಎಕರೆ ಹಾನಿ ಅಂತ ಬರೆದಾರ? ಯಾರು ಬಂದು ಬರೆದರು? ಹೊಲಕ್ಕೆ ಬಂದು ಬರೆದರೋ, ಕಟ್ಟೆ ಮೇಲೆ ಕುಂತು ಬರೆದರೋ? ಇಲ್ಲಿರೋ ಎಷ್ಟು ಮಂದಿ ಆ ಪಟ್ಟಿ ನೋಡೀರಿ? ಕೈ ಎತ್ತರಿ. ... ಆರು ಮಂದಿ. ಇನ್ನೂರು ಜನರಲ್ಲಿ ಆರು ಮಂದಿ.

ಬೈಬೇಡರಿ, ನಾನೂ ನಿಮ್ಮಂಥವನೇ ಇದ್ದೆ. ನನ್ನ ಕತಿ ಹೇಳ್ತೀನಿ.

2015ರಲ್ಲಿ ಪೇಟೆಯಲ್ಲಿ ತೊಗರಿ ಬೇಳೆ ಕಿಲೋಕ್ಕೆ 200 ರೂಪಾಯಿ ಹತ್ತಿರ ಹೋಗಿತ್ತು. ಪಟ್ಟಣದವರು ಬೊಬ್ಬೆ ಹೊಡೆದರು, ಸರ್ಕಾರಕ್ಕೆ ಕಿವಿ ಕೇಳಿಸಿತು. ಬಿತ್ತರಿ, ಬಿತ್ತರಿ ಅಂದರು. ನಾವು ಹೆಸರು, ಉದ್ದು ಕಡಿಮೆ ಮಾಡಿ ತೊಗರಿ ಬಿತ್ತಿದೆವು. ನಾವು ಬಿತ್ತೋ ಹೊತ್ತಿಗೇ, 2016ರ ಜುಲೈನಲ್ಲಿ, ಕೇಂದ್ರ ಸರ್ಕಾರ ಆಫ್ರಿಕಾದ ಮೊಜಾಂಬಿಕ್ ಜೊತೆ ವರ್ಷಕ್ಕೆ ಎರಡು ಲಕ್ಷ ಟನ್ ತನಕ ತೊಗರಿ ತರಿಸೋ ಒಪ್ಪಂದ ಮಾಡಿಕೊಂಡಿತು. ಅಲ್ಲಿಯ ರೈತನ ಮೇಲೆ ನನಗೆ ಸಿಟ್ಟಿಲ್ಲ, ಅವನೂ ನಮ್ಮಂಗೆ ಒಣ ಹೊಲದವನು. ಒಂದು ಕೈಯಲ್ಲಿ ನಮಗೆ ಬಿತ್ತು ಅನ್ನೋದು, ಇನ್ನೊಂದು ಕೈಯಲ್ಲಿ ಹೊರಗಿನದಕ್ಕೆ ಸಹಿ ಹಾಕೋದು, ಈ ಬುದ್ಧಿಯ ಮೇಲೆ ಸಿಟ್ಟು. ಆ ವರ್ಷ ಬೆಳೆ ಭರ್ತಿ ಬಂತು, ಬೆಲೆ ಪಾತಾಳಕ್ಕೆ ಹೋಯಿತು. ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲಿಗೆ 5,050.

ರಾಶಿ ಮಾಡಿ 18 ಕ್ವಿಂಟಲ್ ತಗೊಂಡು ಖರೀದಿ ಕೇಂದ್ರಕ್ಕೆ ಹೋದೆ. ಯಾವ ಕೇಂದ್ರ ಅಂತ ಹೇಳೋದಿಲ್ಲ. ಅಲ್ಲಿದ್ದ ಹುಡುಗರದೂ ತಪ್ಪಿರಲಿಲ್ಲ. ನಾಲ್ಕು ರಾತ್ರಿ ಟ್ರ್ಯಾಕ್ಟರಿನ ಕೆಳಗೆ ಮಲಗಿದೆ. ಐದನೇ ದಿನ "ಖಾಲಿ ಚೀಲ ಬಂದಿಲ್ಲ, ಮುಂದಿನ ವಾರ ಬರ್ರಿ" ಅಂದರು. ಟ್ರ್ಯಾಕ್ಟರ್ ಬಾಡಿಗಿ ಏರ್ತಾ ಇತ್ತು. ಮಗಳ ಲಗ್ನದ ದಿನ ಹತ್ತಿರ ಇತ್ತು. ಸೀದಾ ಅಡತಿ ಅಂಗಡಿಗೆ ಹೊಡೆದೆ. 4,300ಕ್ಕೆ ಕೊಟ್ಟೆ. ಕ್ವಿಂಟಲಿಗೆ 750, ಹದಿನೆಂಟಕ್ಕೆ 13,500 ರೂಪಾಯಿ. ಒಂದು ಗೋಣಿಚೀಲ ಇಲ್ಲದ್ದಕ್ಕೆ ಹೋದದ್ದು ಅದು. ಆಮೇಲೆ ಅದೇ ಪೇಟೆಯಿಂದ ಯಾರ್ಯಾರದೋ ಹೆಸರಿನ ಮೇಲೆ ತೊಗರಿ ಕೇಂದ್ರಕ್ಕೆ ಹೋಯ್ತು ಅಂತ ಊರೆಲ್ಲಾ ಮಾತಾಡಿತು. ನಾನೂ ಮಾತಾಡಿದೆ. ಚಾ ಅಂಗಡಿಯಲ್ಲಿ ಕುಂತು ಸರ್ಕಾರಕ್ಕೆ ಬೈದಷ್ಟು ಬೈದೆ. ಒಂದು ರೂಪಾಯಿ ಹುಟ್ಟಲಿಲ್ಲ.

ಮಗಳೇ ಹೇಳಿದಳು, "ಅಪ್ಪಾ, ಚೀಲ ಎಷ್ಟು ಬಂದವು ಅಂತ ಬರೆದು ಕೇಳು" ಅಂತ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಟ್ಟೆ. ಮೊದಲು ಬಂದ ಉತ್ತರ: ಈ ಮಾಹಿತಿ ನಮ್ಮ ಕಚೇರಿಗೆ ಸಂಬಂಧಿಸಿದ್ದಲ್ಲ. ಎರಡನೇದು: ಮೇಲಿನ ಕಚೇರಿಗೆ ಕಳಿಸಲಾಗಿದೆ. ಮೇಲ್ಮನವಿ ಮಾಡಿದೆ. ವರ್ಷ ಹೋಯ್ತು. ಕಡೆಗೆ ಒಂದು ಹಾಳೆ ಬಂತು: ಇಂಥ ದಿನ ಇಷ್ಟು ಚೀಲ. ನಾನು ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ ದಿನಗಳಲ್ಲಿ ಚೀಲ ಬಂದಿದ್ದವು. ನನ್ನ 13,500 ತಿರುಗಿ ಬರಲಿಲ್ಲ, ಬರೋದೂ ಇಲ್ಲ. ಆದರೆ ಮುಂದಿನ ಸಲ ಕೇಂದ್ರ ತೆರೆದಾಗ ಆ ಹಾಳೆ ಜೇಬಿನಲ್ಲಿ ಇಟ್ಟುಕೊಂಡು ಹೋದೆ. "ಚೀಲದ ಪುಸ್ತಕ ತೋರಿಸರಿ" ಅಂದೆ. ಚೀಲ ಸಿಕ್ಕವು.

ತೊಗರಿಯ ಆಟ ಈಗಲೂ ನಿಂತಿಲ್ಲ. 2021ರ ಮೇ ತಿಂಗಳಲ್ಲಿ ಹೊರಗಿಂದ ಮುಕ್ತವಾಗಿ ತೊಗರಿ ತರಿಸಲಿಕ್ಕೆ ಬಾಗಿಲು ತೆರೆದರು. ಸ್ವಲ್ಪ ದಿನಕ್ಕೆ ಅಂದದ್ದನ್ನು ವರ್ಷ ವರ್ಷ ಮುಂದೂಡುತ್ತ ಬಂದರು, 2025ರ ಜನವರಿಯಲ್ಲಿ ನಮ್ಮ ರಾಶಿ ನಡೆದಿದ್ದಾಗಲೇ ಮತ್ತೊಂದು ವರ್ಷ ಮುಂದೂಡಿದರು. ಆ ಹಂಗಾಮಿನ ಬೆಂಬಲ ಬೆಲೆ 7,550, ರಾಜ್ಯ ಅದರ ಮೇಲೆ 450 ಕೂಡಿಸಿತು. ಪೇಟೆ ಬೆಲೆ ಬೆಂಬಲ ಬೆಲೆಗಿಂತ ಕೆಳಗೆ ಹೋದಾಗ ಹೊಣೆ ಯಾರದು ಅಂತ ಕೇಳಿದರೆ ಕೇಂದ್ರ ಖರೀದಿ ಕೇಂದ್ರ ತೋರಿಸತದ, ಖರೀದಿ ಕೇಂದ್ರ ದಿಲ್ಲಿ ತೋರಿಸತದ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಕೊಟ್ಟು ಸನ್ಮಾನ ಮಾಡಿದರು. ಹಾರ ಹಾಕಿಸಿಕೊಂಡ ತೊಗರಿ ಅಡತಿ ಅಂಗಡಿ ಮುಂದ ತಲಿ ತಗ್ಗಿಸಿ ನಿಂತದ.

ಇನ್ನು ದೊಡ್ಡ ಲೆಕ್ಕ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ರಾಜ್ಯದಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕು 39 ಅಂದಿತು. ಆಳಂದ ಅದರಲ್ಲಿ, ಅಫಜಲಪುರ ಅದರಲ್ಲಿ, ಜೇವರ್ಗಿ ಅದರಲ್ಲಿ. ಎಂಟು ವರ್ಷದಲ್ಲಿ ಈ ಅಂತರ ತುಂಬಬೇಕು ಅಂತ ಲೆಕ್ಕ ಹಾಕಿಕೊಟ್ಟರು. ಎಂಟರ ಮೇಲೆ ಎಂಟು, ಅದರ ಮೇಲೂ ವರ್ಷಗಳು ಹೋದವು. 2024ರಲ್ಲಿ ಮತ್ತೆ ಅಸಮತೋಲನ ಅಳೆಯಲಿಕ್ಕೆ ಹೊಸ ಸಮಿತಿ ಮಾಡಿದರು. ನಮ್ಮ ಹಿಂದುಳಿದಿರೋದನ್ನು ಅಳೆಯೋ ಕೆಲಸ ಮಾತ್ರ ಹಿಂದೆ ಬಿದ್ದಿಲ್ಲ.

ನಡುವೆ ಒಂದು ಖರೇ ಗೆಲುವು ಆಯಿತು. ಈ ಭಾಗದ ಹಿರಿಯರು ದಶಕಗಟ್ಟಲೆ ಹೋರಾಡಿ 371ಜೆ ತಂದರು, 2013ರಲ್ಲಿ ಜಾರಿಗೆ ಬಂತು. ನಮ್ಮ ಮಕ್ಕಳಿಗೆ ಇಂಜಿನಿಯರಿಂಗ್, ಮೆಡಿಕಲ್ ಸೀಟು, ನೌಕರಿಯಲ್ಲಿ ಪಾಲು ಸಿಕ್ಕದ್ದು ಅದರಿಂದ. ಅದನ್ನು ನಾನು ಸಣ್ಣದು ಅನ್ನೋದಿಲ್ಲ. ಅದರ ಕೆಳಗೆ ಪ್ರದೇಶಾಭಿವೃದ್ಧಿ ಮಂಡಳಿ ಆಯಿತು. ಈಚಿನ ಬಜೆಟ್ಟುಗಳಲ್ಲಿ ವರ್ಷಕ್ಕೆ 5,000 ಕೋಟಿ ಅಂತ ಹೇಳುತ್ತ ಬಂದಾರ. ಎಲ್ಲರೂ ಆ 5,000 ಕೋಟಿ ಮಾತ್ರ ನೆನಪಿಟ್ಟಾರ. ಅದೇ 371ಜೆ ಒಳಗೆ ಇನ್ನೊಂದು ಸಾಲು ಅದ: ಮಂಡಳಿ ಏನು ಕೆಲಸ ಮಾಡಿತು ಅನ್ನೋ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದೆ ಇಡಬೇಕು. ಇದು ಯಾವ ಪುಢಾರಿಯ ಭರವಸೆ ಅಲ್ಲ, ಸಂವಿಧಾನದ ಮಾತು. ನಮ್ಮ ಶಾಸಕರು ಓಟು ಕೇಳಲಿಕ್ಕೆ ಬಂದಾಗ ರಸ್ತೆ ಕೇಳ್ತೀವಿ, ಸಮುದಾಯ ಭವನ ಕೇಳ್ತೀವಿ, ಗುಡಿಗೆ ಬಣ್ಣ ಕೇಳ್ತೀವಿ. "ಹೋದ ವರ್ಷದ ಮಂಡಳಿ ವರದಿ ಸದನಕ್ಕೆ ಬಂತೇನ್ರಿ? ಅದರಲ್ಲಿ ಆಳಂದ ತಾಲ್ಲೂಕಿಗೆ ಎಷ್ಟು, ಮುಗಿದ ಕೆಲಸ ಎಷ್ಟು? ನೀವು ಎದ್ದು ನಿಂತು ಏನು ಕೇಳಿದಿರಿ?" ಅಂತ ಯಾರಾದರೂ ಕೇಳೀವೇನು?

ಓಟು ಇದ್ದರೆ ಸಾಕು, ಐದು ವರ್ಷಕ್ಕೊಮ್ಮೆ ನೋಡಿಕೋತೀವಿ ಅನ್ನೋರಿಗೆ ಇದೇ ಆಳಂದದ ಮಾತು ನೆನಪು ಮಾಡ್ತೀನಿ. 2023ರ ಚುನಾವಣೆಗೆ ಮೊದಲು ನಮ್ಮ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೀರಿ ಅಂತ 6,018 ಅರ್ಜಿ ಹೋಗಿದ್ದವು. ಅಧಿಕಾರಿಗಳು ಮನೆಮನೆಗೆ ಹೋಗಿ ನೋಡಿದಾಗ ಅದರಲ್ಲಿ ಖರೇ ಇದ್ದದ್ದು 24. ಉಳಿದ 5,994 ಮಂದಿ ಇದ್ದ ಊರಿನಲ್ಲೇ ಇದ್ದರು. ಫೆಬ್ರವರಿಯಲ್ಲಿ ಪೊಲೀಸ್ ಕೇಸಾಯಿತು. ಯಾರು ಮಾಡಿದರು, ಯಾರ ಸಲುವಾಗಿ ಅನ್ನೋದನ್ನು ಕೋರ್ಟು ಹೇಳಲಿ, ಅದು ಈ ವೇದಿಕೆಯ ಕೆಲಸ ಅಲ್ಲ. ನಾನು ನೋಡೋದು ಇಷ್ಟು: ಅದು ಸಿಕ್ಕದ್ದು ಹಳ್ಳಿಯಲ್ಲಿ ಯಾರೋ ಪಟ್ಟಿ ತೆರೆದು, ಹೆಸರು ಓದಿ, "ಇವರು ಬದುಕ್ಯಾರಲ್ಲ, ಇಲ್ಲೇ ಇದ್ದಾರಲ್ಲ" ಅಂದದ್ದರಿಂದ.

ತಮ್ಮಾ, ನೀ ಕೇಳಿದಿ, ನಮಗ ಸಿಟ್ಟು ಬರಂಗಿಲ್ಲೇನು ಅಂತ. ಬರತದ. 1980ರಲ್ಲಿ ನರಗುಂದ, ನವಲಗುಂದದ ರೈತರಿಗೆ ಬಂದಿತ್ತು, ನೀರು ಬರದ ಹೊಲಕ್ಕೆ ನೀರಿನ ಕರ ಕೇಳಿದಾಗ. ಗುಂಡು ಹಾರಿತು, ಜೀವ ಹೋದವು. ಅದರ ಮೇಲೆ ಈ ನಾಡಿನ ರೈತ ಚಳವಳಿ ಎದ್ದಿತು. ಹಿರಿಯರು ಆಗ ಬರೀ ಕಲ್ಲು ಎತ್ತಲಿಲ್ಲ. ಸಾಲ ವಸೂಲಿಗೆ ಬರೋ ಅಧಿಕಾರಿ ಮೊದಲು ಊರವರ ಅನುಮತಿ ಕೇಳಬೇಕು ಅಂತ ಊರ ಬಾಗಿಲಿಗೆ ಬೋರ್ಡು ಹಾಕಿದರು, ಸರ್ಕಾರವೇ ನಮಗೆ ಬಾಕಿ ಅಂತ ಲೆಕ್ಕ ತೆಗೆದು ತೋರಿಸಿದರು. ನಿನ್ನ ಫೋನಿನ ಚಿತ್ರದಲ್ಲಿ ಇಲ್ಲದ್ದು ಆ ಲೆಕ್ಕ. ಲಂಕಾದ ಜನ ಹತ್ತು ವರ್ಷ ಮೊದಲು, ವಿಮಾನ ಬರದ ನಿಲ್ದಾಣ ಕಟ್ಟೋ ಹೊತ್ತಿಗೇ ಊರೂರಲ್ಲಿ ಲೆಕ್ಕ ಕೇಳಿದ್ದರೆ ಈಜುಕೊಳದ ತನಕ ಹೋಗೋ ಗತಿ ಬರುತ್ತಿತ್ತೋ ಇಲ್ಲವೋ, ನೀನೇ ಹೇಳು.

ಅದಕ್ಕೇ ಈಗ ಒಂದು ಕೆಲಸ. ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಕರೀಬೇಕು ಅಂತ ಕಾಯ್ದೆ ಅದ. ಬರೋ ಗ್ರಾಮಸಭೆಗೆ ಮೊದಲು ನಾವು ಮೂರು ಕಾಗದ ತಯಾರು ಮಾಡೋಣ. ಒಂದು, 2025ರ ಬೆಳೆ ಹಾನಿಯ ಪಟ್ಟಿ, ಸರ್ವೆ ನಂಬರು ಸಮೇತ, ಯಾರಿಗೆ ಎಷ್ಟು ಜಮಾ ಆಯಿತು ಅಂತ. ಎರಡು, ಮಂಡಳಿಯ ಹಣದಲ್ಲಿ ನಮ್ಮ ಪಂಚಾಯಿತಿಯಲ್ಲಿ ಆದ ಕೆಲಸ ಯಾವುವು, ಅಂದಾಜು ಎಷ್ಟು, ಬಿಲ್ಲು ಎಷ್ಟು. ಮೂರನೇದು ಮತದಾರರ ಪಟ್ಟಿ. ಅದನ್ನು ಗಟ್ಟಿಯಾಗಿ ಓದಬೇಕು, ಹೆಣ್ಣುಮಕ್ಕಳ ಹೆಸರು ಸೇರಿ, ಗುಳೆ ಹೋಗಿ ಪುಣೆ, ಮುಂಬೈಯಲ್ಲಿ ಇರೋರ ಹೆಸರು ಸೇರಿ. ಅರ್ಜಿ ಬರೆಯೋದು ಈ ಹುಡುಗನ ಕೆಲಸ. ಅವ ತಲಿ ಅಲ್ಲಾಡಿಸಲಿಕ್ಕೆ ಹತ್ಯಾನ, ಒಪ್ಪಿದ ಅಂತ ನಾನು ಬರಕೊಂಡೆ.

ಗುರುವಾರ ಸಂಜೆ ಎಲ್ಲರೂ ಗುಡಿ ಕಟ್ಟೆಗೆ ಬರ್ರಿ. ಪಹಣಿ, ಬ್ಯಾಂಕಿನ ಪಾಸ್‌ಬುಕ್, ಹೋದ ಮೂರು ವರ್ಷದ ಅಡತಿ ಪಟ್ಟಿ ಇದ್ದರೆ ತರ್ರಿ. ಪಟ್ಟಿ ಸಿಗದವರು ಬೆಲೆ ನೆನಪಿದ್ದಷ್ಟು ಒಂದು ಚೀಟಿಯಲ್ಲಿ ಬರೆದು ತರ್ರಿ. ಮುತ್ಯಾ, ನೀವೂ ಬರಬೇಕು. ನಿಮ್ಮ ಪೆಟ್ಟಿಗೆಯಲ್ಲಿ ಹಳೇ ರಸೀದಿ ಎಷ್ಟು ಅದಾವ ಅನ್ನೋದು ನನಗ ಗೊತ್ತದ.